ಬುಕ್‌ಮಾರ್ಕ್ ಉಳಿಸೋಕೆ ಸಿಂಕ್ ಸಾಕಾ, ಫೈಲ್ ಬೇಕಾ?

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಕೂತು ಕನ್ನಡ ಓದುವ ನಮ್ಮಂಥವರಿಗೆ ಬ್ರೌಸರ್‌ನಲ್ಲಿ ಪುಟಗಳಿಗೆ ಹಾಕಿಟ್ಟ ಗುರುತುಗಳು, ಈ ಬುಕ್‌ಮಾರ್ಕ್‌ಗಳು ಅಂದರೆ ಮನೆಯ ಪುಸ್ತಕದ ಕಪಾಟು ಇದ್ದ ಹಾಗೆ. ಅಲರ್ ನಿಘಂಟು, ಕಣಜ ಜಾಲತಾಣ, ವಿಕಿಪೀಡಿಯದ ಪುಟಗಳು, ಊರಿಗೆ ಹೋಗುವ ಮತ್ಸ್ಯಗಂಧ ರೈಲಿನ ಟಿಕೆಟ್ ಪುಟ, ಎಲ್ಲ ಅಲ್ಲೇ ಇವೆ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಫೈರ್‌ಫಾಕ್ಸ್ ಇತ್ತು, ಹೊಸದರಲ್ಲಿ ಕ್ರೋಮ್ ಕೂಡ ಬೇಕಾಯಿತು. ಹಾಗಾಗಿ ಬುಕ್‌ಮಾರ್ಕ್‌ಗಳನ್ನು ದಾಟಿಸುವ ದಾರಿಗಳನ್ನು ಒಂದೊಂದಾಗಿ ಮಾಡಿ ನೋಡಿದೆ.

ಮೊದಲು ಸಿಂಕ್, ಅಂದರೆ ಒಂದೇ ಅಕೌಂಟಿನ ಎಲ್ಲ ಸಾಧನಗಳಲ್ಲೂ ಬುಕ್‌ಮಾರ್ಕ್‌ಗಳು ಒಂದೇ ಥರ ಇರುವ ಏರ್ಪಾಡು. ಅಕೌಂಟಿಗೆ ಲಾಗಿನ್ ಆದರೆ ಮುಗಿಯಿತು. ಲೋಕಲ್ ರೈಲಿನಲ್ಲಿ ನಿಂತುಕೊಂಡು ಫೋನಿನಲ್ಲಿ ಗುರುತು ಹಾಕಿದ ಲೇಖನ, ಮನೆಗೆ ಬರುವಷ್ಟರಲ್ಲಿ ಲ್ಯಾಪ್‌ಟಾಪಿನಲ್ಲೂ ಇರುತ್ತದೆ. ಈ ಅನುಕೂಲ ಬೇರೆ ಯಾವುದರಲ್ಲೂ ಇಲ್ಲ. ಫೈರ್‌ಫಾಕ್ಸ್ ಸಿಂಕ್‌ನಲ್ಲಿ ಮಾಹಿತಿ ನಮ್ಮ ಯಂತ್ರದಲ್ಲೇ, ಬೇರೆಯವರು ಓದಲಾಗದಂತೆ, ಎನ್‌ಕ್ರಿಪ್ಟ್ ಆಗಿ ಹೋಗುತ್ತದೆ. ಕ್ರೋಮ್‌ನಲ್ಲಿ ಅಷ್ಟೇ ಗುಟ್ಟು ಬೇಕಿದ್ದರೆ ಪಾಸ್‌ಫ್ರೇಸ್ ಅನ್ನುವ ಗುಪ್ತಪದವನ್ನು ನಾವೇ ಇಡಬೇಕು.

ಆದರೆ ಸಿಂಕ್ ಬ್ಯಾಕಪ್ ಅಲ್ಲ. ಇದನ್ನು ನೋಡಲೆಂದೇ ‘ಪರೀಕ್ಷೆ’ ಅಂತ ಒಂದು ಫೋಲ್ಡರ್ ಮಾಡಿ, ಫೋನಿನಲ್ಲಿ ಅಳಿಸಿದೆ. ಸ್ವಲ್ಪ ಹೊತ್ತಿಗೆ ಲ್ಯಾಪ್‌ಟಾಪಿನಲ್ಲೂ ಅದು ಮಾಯ. ಒಂದು ಕಡೆ ಹೋದದ್ದು ಎಲ್ಲ ಕಡೆ ಹೋಗುತ್ತದೆ. ಇನ್ನೊಂದು, ಫೈರ್‌ಫಾಕ್ಸ್‌ನ ಸಿಂಕ್ ಕ್ರೋಮ್‌ಗೆ ದಾಟುವುದಿಲ್ಲ.

ಎಲ್ಲ ಬ್ರೌಸರ್‌ಗಳಿಗೂ ಹೊಂದುವ ಎಕ್ಸ್‌ಮಾರ್ಕ್ಸ್ ಅನ್ನುವ ಸೇವೆ ಹಿಂದೆ ಇತ್ತು. ಅದು 2018ರ ಮೇ 1ಕ್ಕೆ ಮುಚ್ಚಿತು. ಅದಕ್ಕೇ ಮೂರನೆಯವರ ಸೇವೆಯೊಂದನ್ನೇ ನಂಬಿ ಕೂರಲು ನನಗೆ ಮನಸ್ಸಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಬುಕ್‌ಮಾರ್ಕ್‌ಗಳನ್ನೆಲ್ಲ ಒಂದು ವೆಬ್ ಪುಟದ ರೂಪದಲ್ಲಿ ಉಳಿಸುವ ಎಚ್‌ಟಿಎಮ್‌ಎಲ್ ಫೈಲ್. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಓ ಒತ್ತಿದರೆ ಎರಡೂ ಬ್ರೌಸರ್‌ಗಳಲ್ಲಿ ಬುಕ್‌ಮಾರ್ಕ್‌ಗಳ ಪಟ್ಟಿ ತೆರೆಯುತ್ತದೆ. ಅಲ್ಲೇ ಎಕ್ಸ್‌ಪೋರ್ಟ್ ಇದೆ. ಹೊರಬಂದ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ, ಮೊದಲ ಸಾಲಿನಲ್ಲಿ ಇವತ್ತಿಗೂ ನೆಟ್‌ಸ್ಕೇಪ್ ಅನ್ನುವ ಹಳೆಯ ಬ್ರೌಸರ್‌ನ ಹೆಸರಿದೆ! ಅಷ್ಟು ಹಳೆಯ ರೂಪವಾದ್ದರಿಂದಲೇ ಫೈರ್‌ಫಾಕ್ಸ್, ಕ್ರೋಮ್, ಸಫಾರಿ, ಎಡ್ಜ್ ಎಲ್ಲವೂ ಇದನ್ನು ಓದುತ್ತವೆ. ಫೈಲ್ ಯುಟಿಎಫ್-8 ಅನ್ನುವ, ಎಲ್ಲ ಲಿಪಿಗಳಿಗೂ ಹೊಂದುವ ಸಂಕೇತದಲ್ಲಿ ಇರುವುದರಿಂದ ನನ್ನ ‘ಹಳೇ ಪತ್ರಿಕೆ’, ‘ಅಡುಗೆ’ ಫೋಲ್ಡರ್‌ಗಳ ಕನ್ನಡ ಹೆಸರು ಒಂದಕ್ಷರವೂ ಕೆಡದೆ ಕ್ರೋಮ್‌ಗೆ ಬಂದವು. ಇಂಪೋರ್ಟ್ ಕೂಡ (ಬ್ರೌಸರಿನೊಳಕ್ಕೆ ಸೇರಿಸುವುದು) ಮಾಡಲೇಬೇಕೆಂದಿಲ್ಲ. ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಅದೇ ಒಂದು ಪುಟವಾಗಿ ತೆರೆದು, ಕೊಂಡಿಗಳೆಲ್ಲ ಕೆಲಸ ಮಾಡುತ್ತವೆ. ಸೈಬರ್ ಕೆಫೆಯಲ್ಲೂ ನಡೆಯುತ್ತದೆ, ಅಲ್ವಾ?

ಕೊರತೆಯೂ ಇದೆ. ಎಕ್ಸ್‌ಪೋರ್ಟ್ ಮಾಡಿದ ಮೇಲೆ ಹಾಕಿದ ಗುರುತುಗಳು ಅದರಲ್ಲಿ ಸೇರುವುದಿಲ್ಲ. ಒಂದೇ ಫೈಲನ್ನು ಎರಡು ಸಲ ಇಂಪೋರ್ಟ್ ಮಾಡಿದರೆ ಎಲ್ಲವೂ ಎರಡೆರಡು ಆಗುತ್ತವೆ.

ಫೈರ್‌ಫಾಕ್ಸ್‌ನ ಜೇಸನ್ (JSON) ಅನ್ನುವ ರೂಪದ ಬ್ಯಾಕಪ್‌ನ ರೀತಿಯೇ ಬೇರೆ. ಅದನ್ನು ರಿಸ್ಟೋರ್ ಮಾಡಿದರೆ ಈಗ ಇರುವುದೆಲ್ಲ ಹೋಗಿ ಹಳೆಯದು ಬಂದು ಕೂರುತ್ತದೆ. ಅದೇ ಫೈರ್‌ಫಾಕ್ಸ್‌ನಲ್ಲಿ ಹಿಂದಿನ ಸ್ಥಿತಿಗೆ ಮರಳಬೇಕು ಅಂದರೆ ಇದೇ ಸರಿ. ನಾವು ಕೇಳದೇ ಇದ್ದರೂ ಫೈರ್‌ಫಾಕ್ಸ್ ಇಂಥ ಪ್ರತಿಗಳನ್ನು, ಸಾಮಾನ್ಯವಾಗಿ 15ರವರೆಗೆ, ಇಟ್ಟುಕೊಂಡಿರುತ್ತದೆ. ಆದರೆ ಅವು ಇರುವುದು ಅದೇ ಡಿಸ್ಕಿನಲ್ಲಿ. ಡಿಸ್ಕ್ ಕೆಟ್ಟರೆ ಅವೂ ಇಲ್ಲ.

ಒಂದೇ ಕಂಪ್ಯೂಟರಿನಲ್ಲಿ ಬ್ರೌಸರ್ ಬದಲಿಸುವವರಿಗೆ, ಹೊಸ ಬ್ರೌಸರ್ ಹಳೆಯದರಿಂದ ತಾನೇ ಎಳೆದುಕೊಳ್ಳುವ ನೇರ ಇಂಪೋರ್ಟ್ ಸಾಕು. ಸುಮ್ನೆ ಫೈಲ್ ಮಾಡುತ್ತ ಕೂರಬೇಡಿ.

ನಾನು ಈಗ ದಿನದ ಬಳಕೆಗೆ ಸಿಂಕ್ ಇಟ್ಟಿದ್ದೇನೆ. ಆಗಾಗ ಎಚ್‌ಟಿಎಮ್‌ಎಲ್ ಫೈಲ್ ತೆಗೆದು, ಹೆಸರಿನಲ್ಲಿ ತಾರೀಖು ಸೇರಿಸಿ, ಪೆನ್‌ಡ್ರೈವ್‌ನಲ್ಲೊಂದು, ಮೇಲ್‌ನಲ್ಲೊಂದು ಪ್ರತಿ ಇಡುತ್ತೇನೆ. ಹೊಸ ಫೈಲನ್ನು ಒಮ್ಮೆ ಬೇರೆ ಬ್ರೌಸರ್‌ನಲ್ಲಿ ತೆರೆದು ನೋಡಿದ ಮೇಲೆಯೇ ಹಳೆಯದನ್ನು ಅಳಿಸುತ್ತೇನೆ.