ಬೀಸುವ ಪದಕ್ಕೆ ಯಾವ ಮೈಕು, ಯಾವ ಆ್ಯಪು, ಯಾವ ಕೋಣೆ: ನಾವು ಹೋಲಿಸಿ ನೋಡಿದ್ದು

ಭಾನುವಾರ ಸಂಜೆ ಏಳಕ್ಕೆ ನಮ್ಮ ಅತ್ತೆ ವಿಡಿಯೋ ಮೀಟಿಂಗ್‌ನಲ್ಲಿ ಹಾಡುತ್ತಾರೆ. ಮದುವೆಯಲ್ಲಿ ಹೇಳುವ ಸೋಬಾನೆ ಪದ, ಕಲ್ಲು ಬೀಸುತ್ತಾ ಹಾಡುವ ಬೀಸುವ ಪದ, ತೊಟ್ಟಿಲ ಪದ. ಕೂಡುವವರು ಹದಿನೆಂಟು ಇಪ್ಪತ್ತು ಜನ. ಹೊಳಲ್ಕೆರೆಯಲ್ಲಿರುವ ಅತ್ತೆಯ ಅಕ್ಕ, ಅವರನ್ನು ನಾವೆಲ್ಲ ದೊಡ್ಡವ್ವ ಅಂತೀವಿ. ಜಗಳೂರು, ಹರಿಹರ, ಚಿತ್ರದುರ್ಗದ ನೆಂಟರು. ಬೆಂಗಳೂರು ಸೇರಿದ ಹೆಣ್ಣುಮಕ್ಕಳು. ಮೊದಲು ಇವರೆಲ್ಲ ಮದುವೆ ಮನೆಯಲ್ಲಿ ಕೂತು ಹಾಡುತ್ತಿದ್ದರು. ಈಗ ಮದುವೆ ಮನೆಯ ಸ್ಪೀಕರ್ ಸದ್ದಿನಲ್ಲಿ ಯಾರ ಪದ ಯಾರಿಗೆ ಕೇಳಬೇಕು? ಅದಕ್ಕೇ ನನ್ನ ನಾದಿನಿ ವಾರಕ್ಕೊಂದು ತಾಸು ಹೀಗೆ ಕೂಡಿಸುವುದಕ್ಕೆ ಶುರು ಮಾಡಿದಳು.

ದಾವಣಗೆರೆ ಕಡೆಯ ತಯಾರಿ ನನ್ನ ಪಾಲಿಗೆ ಬಂತು. ನಾಲ್ಕು ತಿಂಗಳಲ್ಲಿ ಫೋನು, ಲ್ಯಾಪ್‌ಟಾಪು, ಮೂರು ಬಗೆಯ ಮೈಕು, ಮೂರು ಆ್ಯಪು, ಮನೆಯ ನಾಲ್ಕು ಮೂಲೆ, ಎಲ್ಲ ಬದಲಿಸಿ ನೋಡಿದೆ. ಆಫೀಸ್ ಮೀಟಿಂಗಿಗೆ ಹೊಂದುವುದು ಹಾಡಿಗೆ ಹೊಂದಲ್ಲ. ಮಾತಾಡುವಾಗ ಒಂದು ಶಬ್ದ ಬಿಟ್ಟುಹೋದರೆ ಅಂದಾಜಿನಲ್ಲಿ ತಿಳಿಯುತ್ತದೆ. ಹಾಡಿನ ಎಳೆ ತುಂಡಾದರೆ ತುಂಡಾದ ಹಾಗೇ. ಹಾಗಾಗಿ ನಾನು ಎಲ್ಲವನ್ನೂ ಒಂದೇ ಪ್ರಶ್ನೆಯಿಂದ ತೂಗಿದೆ: ದನಿ ಆ ಕಡೆಗೆ ಪೂರಾ ಮುಟ್ಟುತ್ತದಾ?

ಮೊದಲು ಜಾಗ. ನಮ್ಮ ಮನೆ ನಿಟುವಳ್ಳಿ ಕಡೆ, ರಸ್ತೆಗೆ ಅಂಟಿಕೊಂಡಂತಿದೆ. ಹಾಲ್‌ನಲ್ಲಿ ಬೆಳಕು ಚೆನ್ನಾಗಿದೆ, ಎಲ್ಲರೂ ಅಲ್ಲೇ ಕೂಡಿಸಿ ಅಂದರು. ಆದರೆ ಭಾನುವಾರ ಸಂಜೆ ಅಂದರೆ ಬೈಕುಗಳ ಓಡಾಟ, ಮಂಡಕ್ಕಿ ಮಿರ್ಚಿ ಗಾಡಿಯ ಮುಂದೆ ಜನ. ಅದಕ್ಕಿಂತ ದೊಡ್ಡ ತೊಂದರೆ ಹಾಲ್‌ನ ಟೈಲ್ಸು, ಬರಿ ಗೋಡೆ. ದನಿ ಬಡಿದು ವಾಪಸ್ ಬರುತ್ತದೆ. ಕೇಳುವವರಿಗೆ ಬಾವಿಯೊಳಗಿಂದ ಹಾಡಿದ ಹಾಗೆ. ಅಡುಗೆಮನೆಯೂ ಅಷ್ಟೇ, ಜೊತೆಗೆ ಫ್ರಿಜ್ಜಿನ ಗುಂಯ್. ಮಾಳಿಗೆ ಮೇಲೆ ಗಾಳಿ. ಮೈಕಿಗೆ ಗಾಳಿ ತಾಗಿದರೆ ಬರಿ ಬುಸ್ ಬುಸ್. ಚಿತ್ರದುರ್ಗದ ಅಕ್ಕ ಒಂದು ವಾರ ಜೋಗಿಮಟ್ಟಿ ರಸ್ತೆಯ ತಮ್ಮ ಮನೆ ಮಾಳಿಗೆಯಿಂದ ಕೂಡಿದ್ದರು. ಗಾಳಿ ಸದ್ದಲ್ಲಿ ಅವರ ಪದ ಒಂದೂ ತಿಳಿಯಲಿಲ್ಲ.

ಗೆದ್ದದ್ದು ನಾವು ಯಾರೂ ಎಣಿಸದ ಜಾಗ. ಹಿಂದಿನ ಸಣ್ಣ ಕೋಣೆ. ಅಲ್ಲಿ ಬಟ್ಟೆ ಬೀರು, ಹಾಸಿಗೆ, ಗೋಡೆಗೆ ಒತ್ತಿದ ಕೌದಿಗಳ ಅಟ್ಟಿ. ಬಟ್ಟೆ, ಹತ್ತಿ ದನಿಯನ್ನು ಹೀರಿಕೊಳ್ಳುತ್ತವೆ, ವಾಪಸ್ ಎಸೆಯಲ್ಲ. ಕೋಣೆ ಚಂದ ಕಾಣಲ್ಲ, ಆದರೆ ಅಲ್ಲಿ ಅತ್ತೆಯ ದನಿ ಕಿವಿ ಪಕ್ಕದಲ್ಲೇ ಹಾಡಿದಷ್ಟು ಹತ್ತಿರ ಬರುತ್ತದೆ. ಹಾಡುವ ಹೊತ್ತು ಫ್ಯಾನ್ ಆಫ್. ಬೆಳಕಿಗೆ ಒಂದೇ ಮಾತು: ಟ್ಯೂಬ್‌ಲೈಟು ಹಾಡುವವರ ಮುಂದೆ ಇರಬೇಕು, ಬೆನ್ನ ಹಿಂದೆ ಇದ್ದರೆ ಮುಖ ಕಪ್ಪಾಗುತ್ತದೆ.

ಇನ್ನು ಫೋನಾ, ಲ್ಯಾಪ್‌ಟಾಪಾ? ಫೋನ್ ಅತ್ತೆಗೆ ಗೊತ್ತು, ಅವರೇ ಒತ್ತಿ ಕೂಡಬಹುದು. ಕ್ಯಾಮೆರಾನೂ ನಮ್ಮ ಲ್ಯಾಪ್‌ಟಾಪಿಗಿಂತ ಚೆನ್ನಾಗಿದೆ. ಆದರೆ ಎರಡನೇ ವಾರವೇ ಪದದ ನಡುವೆ ಯಾರದೋ ಕಾಲ್ ಬಂತು, ಅತ್ತೆ ಬೆರಳು ತಾಗಿಸಿದರು, ಮೀಟಿಂಗ್‌ನಲ್ಲಿ ದನಿ ನಿಂತೇಹೋಯಿತು. ಫೋನಿನಲ್ಲೇ ಕೂಡುವವರಿಗೆ ನನ್ನ ಸಲಹೆ ಇದು. ಮನೆ ವೈಫೈ ಇದ್ದರೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಆಮೇಲೆ ವೈಫೈ ಮಾತ್ರ ಆನ್ ಮಾಡಿ. ಫೋನಿನಲ್ಲಿ ವೈಫೈ ಕಾಲಿಂಗ್ ಆಫ್ ಇದ್ದರೆ ಮಾಮೂಲಿ ಕಾಲ್ ಬರಲ್ಲ, ಮೀಟಿಂಗ್ ನಡೆಯುತ್ತದೆ. ಕೈಯಲ್ಲಿ ಹಿಡಿಯಬೇಡಿ, ಕಣ್ಣಿನ ಎತ್ತರಕ್ಕೆ ಎಲ್ಲಾದರೂ ಆನಿಸಿಡಿ.

ನಾವು ಲ್ಯಾಪ್‌ಟಾಪ್ ಆರಿಸಿಕೊಂಡಿದ್ದಕ್ಕೆ ಕಾರಣ ಮುಂದೆ ಹೇಳುತ್ತೇನೆ. ಇಲ್ಲಿ ಒಂದು ಎಚ್ಚರಿಕೆ. ಒಂದೇ ಕೋಣೆಯಲ್ಲಿ ಎರಡು ಯಂತ್ರಗಳಿಂದ ಕೂಡಬೇಡಿ. ನಾನು ಲ್ಯಾಪ್‌ಟಾಪಲ್ಲಿ, ಅತ್ತೆ ಫೋನಲ್ಲಿ ಒಟ್ಟಿಗೆ ಕೂತ ದಿನ ಇದರ ಸ್ಪೀಕರ್ ಸದ್ದು ಅದರ ಮೈಕಿಗೆ, ಅದರದು ಇದಕ್ಕೆ ಸುತ್ತಿ ಕಿವಿ ಸೀಳುವ ಕೂಗು ಹುಟ್ಟಿತು. ಎರಡು ಬೇಕೇ ಬೇಕು ಅಂದರೆ ಒಂದರ ಮೈಕೂ ಸ್ಪೀಕರೂ ಎರಡೂ ಬಂದ್ ಇರಬೇಕು.

ಮೈಕಿನ ವಿಷಯದಲ್ಲಿ ನನಗೆ ಪಕ್ಕಾ ಅಭಿಪ್ರಾಯ ಇದೆ. ವೈರಿನ ಇಯರ್‌ಫೋನೇ ಸರಿ. ಯಜಮಾನರ ಬ್ಲೂಟೂತ್ ಇಯರ್‌ಬಡ್ ಬೆಲೆಯಲ್ಲಿ ಹತ್ತು ಪಟ್ಟು ಜಾಸ್ತಿ. ಅದರಲ್ಲಿ ಹಾಡು ಕೇಳುವುದಕ್ಕೆ ಚೆಂದ. ಆದರೆ ಮೈಕ್ ಆನ್ ಆದ ಕೂಡಲೇ ಬ್ಲೂಟೂತ್ ಫೋನ್ ಮಾತಿನ ಮಟ್ಟಕ್ಕೆ ಇಳಿಯುತ್ತದೆ, ಬರುವ ದನಿ ಹೋಗುವ ದನಿ ಎರಡೂ ಚಪ್ಪಟೆ. ಮೇಲಾಗಿ ಅದರ ಮೈಕು ಕಿವಿ ಹತ್ತಿರ, ಬಾಯಿಂದ ದೂರ. ಲ್ಯಾಪ್‌ಟಾಪಿನದೇ ಮೈಕು ಎಲ್ಲ ಸದ್ದನ್ನೂ ಹಿಡಿಯುತ್ತದೆ, ಕೋಣೆಯಾಚೆ ಪಾತ್ರೆ ಇಟ್ಟರೂ. ಸುಮ್ನೆ ಮಾತಿಗೆ ಸಾಕು.

ವೈರಿನದಕ್ಕೂ ಒಂದು ಕಾಟ ಇದೆ. ಮೈಕು ವೈರಿನಲ್ಲೇ ತೂಗಾಡುತ್ತದೆ. ಅತ್ತೆಯ ಕೊರಳ ಸರ ಅದಕ್ಕೆ ತಾಗಿ ಟಕ್ ಟಕ್, ಸೀರೆ ಉಜ್ಜಿ ಪರಪರ. ಅದಕ್ಕೆ ನಾನು ಮಾಡುವುದು ಹೀಗೆ. ಮೈಕಿನ ಗುಂಡಿಯ ಕೆಳಗೆ ವೈರನ್ನು ಒಂದು ಸುತ್ತು ಮಡಚಿ, ಎಡ ಹೆಗಲ ಸೆರಗಿಗೆ ಸೇಫ್ಟಿ ಪಿನ್ನು ಹಾಕುತ್ತೇನೆ. ಗುಂಡಿ ಗಲ್ಲದಿಂದ ಒಂದು ಗೇಣು ಕೆಳಗೆ ಬರಬೇಕು. ಉಳಿದ ವೈರು ಬೆನ್ನ ಹಿಂದಿನಿಂದ ಇಳಿಯುತ್ತದೆ, ಕೈಗೆ ಅಡ್ಡ ಬರಲ್ಲ. ಒಂದು ಕಿವಿಗೆ ಮಾತ್ರ ಹಾಕಿಕೊಳ್ಳುತ್ತಾರೆ. ಇನ್ನೊಂದು ಕಿವಿ ಖಾಲಿ ಇರಬೇಕು, ಇಲ್ಲದಿದ್ದರೆ ತಮ್ಮ ದನಿ ತಮಗೇ ಸಿಗದೆ ಗಂಟಲು ಜಾಸ್ತಿ ಎತ್ತುತ್ತಾರೆ.

ನೆಟ್ ಬಗ್ಗೆ ಚಿಕ್ಕದಾಗಿ. ಗುಂಪಿನ ವಿಡಿಯೋಗೆ ಬರುವ ದಾರಿ, ಹೋಗುವ ದಾರಿ ಎರಡರಲ್ಲೂ ನೆಟ್ ವೇಗ 1 ಎಂಬಿಪಿಎಸ್ ಇದ್ದರೆ ನಡೆಯುತ್ತದೆ. ತಾಸಿಗೆ ಮುಕ್ಕಾಲು ಜಿಬಿ ಹತ್ತಿರ ಖರ್ಚು. ದಿನಕ್ಕೆ 1.5 ಜಿಬಿ ಪ್ಯಾಕ್ ಇರುವವರು ಭಾನುವಾರ ಬೆಳಗ್ಗೆ ರೀಲ್ಸ್ ನೋಡಿ ಮುಗಿಸಬೇಡಿ. ಫೋನ್ ನೆಟ್ಟಿಗಿಂತ ಮನೆ ಬ್ರಾಡ್‌ಬ್ಯಾಂಡ್ ಗಟ್ಟಿ, ಕರೆಂಟ್ ಇರುವ ತನಕ. ಒಂದು ಸಂಜೆ ಏಳೂ ಹತ್ತಕ್ಕೆ ಕರೆಂಟ್ ಹೋಯಿತು. ಇನ್ವರ್ಟರ್ ಇದೆ, ಲೈಟು ಉರಿಯುತ್ತಿದೆ, ಆದರೆ ರೌಟರ್ ಹಾಕಿದ್ದ ಪ್ಲಗ್ಗಿಗೆ ಇನ್ವರ್ಟರ್ ಲೈನೇ ಇರಲಿಲ್ಲ. ಈಗ ರೌಟರಿಗೆ ಅಂತಲೇ ಒಂದು ಸಣ್ಣ ಯುಪಿಎಸ್ ಇಟ್ಟಿದ್ದೇನೆ. ಕೊಳ್ಳುವಾಗ ನಿಮ್ಮ ರೌಟರ್ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್ ಅಂತ ಬರೆದಿದೆ ನೋಡಿಕೊಂಡು ಹೋಗಿ. ನಮ್ಮದು 12.

ಈಗ ಆ್ಯಪ್. ವಾಟ್ಸ್‌ಆ್ಯಪ್ ಕಾಲ್ ಎಲ್ಲರಿಗೂ ಗೊತ್ತಿರುವುದು, ಕಲಿಸುವ ಕೆಲಸವೇ ಇಲ್ಲ, 32 ಜನರವರೆಗೆ ಕೂಡಬಹುದು. ನಾಲ್ಕೈದು ಜನರ ಹರಟೆಗೆ ನಾನು ಈಗಲೂ ಅದನ್ನೇ ಬಳಸುತ್ತೇನೆ. ಗೂಗಲ್ ಮೀಟ್ ಉಚಿತವಾಗಿ 100 ಜನರಿಗೆ 60 ನಿಮಿಷ ಕೊಡುತ್ತದೆ, ಲ್ಯಾಪ್‌ಟಾಪಿನಲ್ಲಿ ಬ್ರೌಸರ್ ಸಾಕು. ಝೂಮ್ ಉಚಿತ ಖಾತೆಯಲ್ಲೂ 100 ಜನ, ಆದರೆ 40 ನಿಮಿಷಕ್ಕೆ ಮುಗಿಯುತ್ತದೆ. ಲೆಕ್ಕ ನೋಡಿದರೆ ಮೀಟ್ ಆಗಬೇಕಿತ್ತು. ನಾವು ಝೂಮ್‌ನಲ್ಲಿ ಉಳಿದೆವು. ಕಾರಣ ಬೀಸುವ ಕಲ್ಲು.

ಅತ್ತೆಗೆ ಕಲ್ಲು ತಿರುಗದೆ ಬೀಸುವ ಪದ ಬರಲ್ಲ. "ಕೈ ಸುಮ್ನಿದ್ರೆ ಬಾಯಿಗೆ ಏನೂ ಹೊಳೆಯಲ್ಲ ಕಣವ್ವಾ" ಅಂತಾರೆ. ಪದದ ನಡೆ ಇರುವುದೇ ಕಲ್ಲಿನ ಸುತ್ತಿನಲ್ಲಿ. ಗೂಟ ತಮ್ಮ ಕಡೆ ಬಂದಾಗ ಸಾಲು ಎತ್ತುತ್ತಾರೆ, ಅದು ಆ ಕಡೆ ಹೋಗುವಷ್ಟರಲ್ಲಿ ಕೊನೆಯ ಅಕ್ಷರ ಎಳೆಯುತ್ತಾರೆ. ಮೊದಲ ವಾರಗಳಲ್ಲಿ ಆ ಕಡೆಯವರಿಗೆ ಕಲ್ಲಿನ ಸದ್ದು ಚೂರೂ ಕೇಳಲಿಲ್ಲ. ಅತ್ತೆ ಎಳೆದ ದನಿಯೂ ನಡುವೆ ಮಾಯ. ದೊಡ್ಡವ್ವ ಕೇಳಿದರು, "ಯಾಕವ್ವಾ, ಪದ ಅರ್ಧಕ್ಕೇ ನಿಲ್ಲಿಸ್ತೀಯಲ್ಲ?" ಅತ್ತೆಯ ಮುಖ ಸಣ್ಣದಾಯಿತು. ಅವರು ನಿಲ್ಲಿಸಿರಲಿಲ್ಲ.

ವಿಡಿಯೋ ಆ್ಯಪ್‌ಗಳು ಮಾತಿಗಾಗಿ ಮಾಡಿದವು. ಫ್ಯಾನು, ಮಿಕ್ಸಿ, ಟ್ರಾಫಿಕ್ಕಿನಂತಹ ಒಂದೇ ಸಮನೆ ಬರುವ ಸದ್ದನ್ನು ಅವೇ ಸೋಸಿ ತೆಗೆಯುತ್ತವೆ. ಬೀಸುವ ಕಲ್ಲಿನ ಗರಗರ ಅವಕ್ಕೆ ಗಲಾಟೆ. ಉದ್ದಕ್ಕೆ ಎಳೆದ ದನಿಯೂ ಎಷ್ಟೋ ಸಲ ಹಾಗೇ ಕಾಣುತ್ತದೆ. ಆಫೀಸಿನವರಿಗೆ ಇದು ಉಪಕಾರ. ನಮಗೆ ಬೇಕಾದದ್ದೇ ಕಳೆದುಹೋಗುತ್ತಿತ್ತು.

ಲ್ಯಾಪ್‌ಟಾಪಿನ ಝೂಮ್‌ನಲ್ಲಿ ಆಡಿಯೋ ಸೆಟ್ಟಿಂಗ್ಸ್ ಒಳಗೆ 'ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್' ಅಂತ ಇದೆ. ಅದನ್ನು ಆರಿಸಿಕೊಂಡು ಆನ್ ಮಾಡಿದರೆ ಸೋಸುವುದು ನಿಲ್ಲುತ್ತದೆ. ಇದ್ದದ್ದು ಇದ್ದ ಹಾಗೆ ಹೋಗುತ್ತದೆ. ಇದಕ್ಕಾಗಿಯೇ ಲ್ಯಾಪ್‌ಟಾಪ್, ಇದಕ್ಕಾಗಿಯೇ ಆ ಸದ್ದಿಲ್ಲದ ಕೋಣೆ. ಯಾಕಂದರೆ ಜರಡಿ ತೆಗೆದ ಮೇಲೆ ಬೇಡದ ಸದ್ದೂ ಆ ಕಡೆಗೆ ಮುಟ್ಟುತ್ತದೆ, ತಡೆಯುವ ಕೆಲಸ ನಮ್ಮದೇ. ಕಲ್ಲಿನ ಅದುರು ನೆಲದಿಂದ ಲ್ಯಾಪ್‌ಟಾಪಿಗೆ ಏರಿ ಚಿತ್ರ ಕುಣಿಯದಿರಲಿ ಅಂತ ಅದನ್ನು ಸ್ಟೂಲಿನ ಮೇಲೆ ಕೌದಿ ಮಡಿಸಿ ಇಡುತ್ತೇನೆ. 40 ನಿಮಿಷದ ಗಡುವಿಗೆ ಮೀಟಿಂಗನ್ನೇ ಎರಡು ಭಾಗ ಮಾಡಿದ್ದೇವೆ, ನಡುವೆ ಎಲ್ಲರೂ ಚಹಾ ಕುಡಿದು ಬರುತ್ತಾರೆ.

ಒಂದು ಆಸೆ ಮಾತ್ರ ಯಾವ ಆ್ಯಪ್‌ನಲ್ಲೂ ಈಡೇರಲಿಲ್ಲ. ಸೋಬಾನೆಯಲ್ಲಿ ಒಬ್ಬರು ಸೊಲ್ಲು ಎತ್ತಿದರೆ ಉಳಿದವರು ಕೂಡಿಕೊಳ್ಳಬೇಕು. ದನಿ ಹೋಗಿ ಬರುವಷ್ಟರಲ್ಲಿ ಕಣ್ಣು ಮಿಟುಕಿಸುವಷ್ಟು ತಡವಾದರೂ ಸಾಕು, ಇಪ್ಪತ್ತು ಮನೆಗಳ ದನಿ ಕೂಡಲ್ಲ. ಹಾಗಾಗಿ ಒಬ್ಬರು ಹಾಡುವಾಗ ಉಳಿದವರು ಮ್ಯೂಟ್. ಹಿಂದಿನಿಂದ ಹೇಳುವ ಸೊಲ್ಲಿಗೆ ನಾನು ಅತ್ತೆಯ ಪಕ್ಕದಲ್ಲೇ ಕೂತು ದನಿಗೂಡಿಸುತ್ತೇನೆ. ಹೀಗೆ ಮೂವತ್ತಕ್ಕೂ ಜಾಸ್ತಿ ಪದ ನನಗೂ ಬಾಯಿಗೆ ಬಂದಿವೆ.

ಆರೂವರೆಗೆ ಒಂದು ಸಲ ಝೂಮ್‌ನ ಟೆಸ್ಟ್ ಮೀಟಿಂಗಿಗೆ ಹೋಗುತ್ತೇವೆ. ಅದು ನಮ್ಮ ಮೈಕಿನ ದನಿಯನ್ನು ಹಿಡಿದು ನಮಗೇ ಕೇಳಿಸುತ್ತದೆ. ಅತ್ತೆ ಅಲ್ಲಿ ಒಂದು ಸಾಲು ಹಾಡಿ, ಕೇಳಿ, "ಹ್ಞೂ, ಬರ್ತೈತೆ" ಅಂದ ಮೇಲೆಯೇ ನಾನು ಲಿಂಕ್ ಒತ್ತುವುದು.

ಒರಿಜಿನಲ್ ಸೌಂಡ್ ಹಾಕಿದ ಮೊದಲ ಭಾನುವಾರ ಅತ್ತೆ ಎರಡು ಪದ ಮುಗಿಸಿದರು. ಯಾರೂ ಮಾತಾಡಲಿಲ್ಲ. ಆಮೇಲೆ ದೊಡ್ಡವ್ವ ಮ್ಯೂಟ್ ತೆಗೆದರು. "ಕಲ್ಲು ಖಾಲಿ ತಿರುಗಿಸ್ತಿದೀಯಲ್ಲವ್ವಾ. ಕಾಳು ಹಾಕಿಲ್ಲ."

ನಿಜ. ಸದ್ದಿಗೆ ಅಷ್ಟೇ ಸಾಕು ಅಂತ ನಾನೇ ಹಾಕಿರಲಿಲ್ಲ. ಈಗ ಪಿನ್ನು, ಇಯರ್‌ಫೋನಿನ ಜೊತೆ ಒಂದು ಮೊರದಲ್ಲಿ ಎರಡು ಬೊಗಸೆ ಜೋಳವನ್ನೂ ತಂದಿಡುತ್ತೇನೆ.