ಮಗು ಮಲಗುವ ಕಡೆ ಅಂಟಿಸುವ ಶೆಲ್ಫ್ ಹಾಕಬೇಡಿ

ಬಾಡಿಗೆ ಮನೆಯಲ್ಲಿ ಮಗುವಿನ ರೂಮ್ ಚೆಂದ ಮಾಡಲು ಹೊರಟಿದ್ದೀರಾ? ದಯವಿಟ್ಟು ಇದನ್ನೊಮ್ಮೆ ಓದಿ.

ಮಗಳಿಗೆ ಮೂರು ವರ್ಷ ತುಂಬಿದಾಗ ಅವಳಿಗೇ ಅಂತ ಒಂದು ರೂಮ್ ಬಿಟ್ಟುಕೊಟ್ಟೆವು. ಗೋಡೆಗೆ ಮೊಳೆ ಹೊಡೆಯಬೇಡಿ ಅಂತ ಮಾಲೀಕರು ಮೊದಲೇ ಹೇಳಿದ್ದರು. ಸರಿ, ಎಲ್ಲವನ್ನೂ ಅಂಟಿಸಿಬಿಡೋಣ ಅಂದುಕೊಂಡೆ. ಒಂದು ಗೋಡೆ ತುಂಬಾ ಮೀನು, ತಿಮಿಂಗಿಲದ ಸ್ಟಿಕ್ಕರ್. ಹಾಸಿಗೆಯ ತಲೆದೆಸೆಗೆ ಡಬಲ್ ಸೈಡ್ ಟೇಪಿನಲ್ಲಿ ನಿಲ್ಲುವ ಪುಟ್ಟ ಶೆಲ್ಫ್. ಐದು ಕೆಜಿ ತಡೆಯುತ್ತದೆ ಅಂತ ಡಬ್ಬದ ಮೇಲೆ ಬರೆದಿತ್ತು, ನಾವು ಇಟ್ಟಿದ್ದು ಏಳೆಂಟು ಚಿತ್ರದ ಪುಸ್ತಕ, ಒಂದು ಮರದ ಆನೆ, ಅಷ್ಟೇ.

ಎರಡು ತಿಂಗಳು ಏನೂ ಆಗಲಿಲ್ಲ. ಒಂದು ರಾತ್ರಿ ಅವಳು ಹಲ್ಲುಜ್ಜುತ್ತಿದ್ದಾಗ ರೂಮಿನಿಂದ ಧಡ್ ಅಂತ ಸದ್ದು ಬಂತು. ಓಡಿ ಹೋಗಿ ನೋಡಿದರೆ ಶೆಲ್ಫ್ ದಿಂಬಿನ ಮೇಲೆ ಬೋರಲು ಬಿದ್ದಿದೆ. ಇನ್ನೈದು ನಿಮಿಷ ಕಳೆದಿದ್ದರೆ ಅಲ್ಲಿ ಅವಳ ತಲೆ ಇರುತ್ತಿತ್ತು. ಆ ರಾತ್ರಿ ನನಗೆ ಕಣ್ಣು ಮುಚ್ಚಲಾಗಲಿಲ್ಲ.

ಬೆಳಿಗ್ಗೆ ಶೆಲ್ಫ್ ತಿರುಗಿಸಿ ನೋಡಿದೆ. ಟೇಪ್ ಒಂಚೂರೂ ಬಿಟ್ಟಿರಲಿಲ್ಲ! ಗೋಡೆಯ ನೀಲಿ ಬಣ್ಣ, ಅದರ ಹಿಂದಿನ ಬಿಳಿ ಪುಟ್ಟಿ, ಎಲ್ಲ ಸುಲಿದ ತೊಗಟೆಯ ಹಾಗೆ ಟೇಪಿಗೇ ಕಚ್ಚಿಕೊಂಡು ಬಂದಿತ್ತು. ಆಗ ಅರ್ಥವಾಯಿತು, ಟೇಪ್ ಹಿಡಿದುಕೊಳ್ಳುವುದು ಗೋಡೆಯನ್ನಲ್ಲ, ಮೇಲಿನ ಬಣ್ಣವನ್ನು. ಆ ಬಣ್ಣ ಎಷ್ಟು ಗಟ್ಟಿಯಾಗಿ ಕೂತಿದೆ ಅನ್ನುವುದು ಡಬ್ಬದ ಮೇಲೆ ಐದು ಕೆಜಿ ಅಂತ ಬರೆದವರಿಗೆ ಹೇಗೆ ಗೊತ್ತಿರುತ್ತದೆ? ಹಳೆ ಬಣ್ಣ ಕೆರೆಯದೆ ಅದರ ಮೇಲೇ ಇನ್ನೊಂದು ಕೋಟ್ ಹೊಡೆದಿರಬಹುದು, ಗೋಡೆ ಒಳಗೊಳಗೇ ತೇವ ಹಿಡಿದಿರಬಹುದು, ಡಿಸ್ಟೆಂಪರ್ ಆಗಿದ್ದರಂತೂ ಕೈ ಸವರಿದರೆ ಸಾಕು, ಪುಡಿ ಬರುತ್ತದೆ.

ಸ್ಟಿಕ್ಕರ್ ಕಥೆಯೂ ಅದೇ. ಹೆದರಿಕೆಯಲ್ಲಿ ಎಲ್ಲವನ್ನೂ ಕಿತ್ತು ಹಾಕಲು ಹೋದೆ, ತಿಮಿಂಗಿಲದ ಜೊತೆ ತಿಮಿಂಗಿಲದಷ್ಟೇ ಬಣ್ಣವೂ ಬಂತು. ಅಷ್ಟಕ್ಕೆ ಮಾತ್ರ ಬಣ್ಣ ಹಚ್ಚಿದರೆ ತೇಪೆ ಹಾಕಿದ ಹಾಗೆ ಕಾಣುತ್ತದೆ, ಇಡೀ ಗೋಡೆಗೆ ಹೊಡೆಸಬೇಕಾಯಿತು. ಸ್ಟಿಕ್ಕರ್ ಬೇಕೇ ಬೇಕು ಅಂದರೆ ಬಾಗಿಲ ಹಿಂದಿನ ಮೂಲೆಯಲ್ಲಿ ಒಂದು ಚಿಕ್ಕದನ್ನು ಅಂಟಿಸಿ, ವಾರ ಬಿಟ್ಟು ಕಿತ್ತು ನೋಡಿ. ಹೊಸದಾಗಿ ಬಣ್ಣ ಹೊಡೆದಿದ್ದರೆ ಮೂರು ನಾಲ್ಕು ವಾರ ಸುಮ್ನೆ ಬಿಡಿ, ಮೇಲೆ ಒಣಗಿದ ಹಾಗೆ ಕಂಡರೂ ಬಣ್ಣ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಕೀಳುವಾಗ ಹೇರ್ ಡ್ರೈಯರ್‌ನಿಂದ ಹದವಾಗಿ ಬಿಸಿ ಮಾಡಿ, ಒಂದು ತುದಿಯಿಂದ ಮೆಲ್ಲಗೆ ಮಡಚಿಕೊಂಡು ಎಳೆಯಿರಿ. ಇದು ನನಗೆ ಕೊನೇ ಎರಡು ಮೀನು ಉಳಿದಾಗ ಗೊತ್ತಾಯಿತು.

ಇನ್ನೊಂದು ಮಾತು, ಇದು ಶೆಲ್ಫಿಗಿಂತ ಜಾಸ್ತಿ ಅಪಾಯದ್ದು. ಡ್ರಾಯರ್ ಇರುವ ಎತ್ತರದ ಕಪಾಟನ್ನು ಗೋಡೆಗೆ ಬಿಗಿಯದೆ ಇಡಬೇಡಿ. ಮಕ್ಕಳು ಡ್ರಾಯರ್ ಎಳೆದು ಮೆಟ್ಟಿಲಿನ ಹಾಗೆ ಹತ್ತುತ್ತಾರೆ, ಭಾರವೆಲ್ಲ ಮುಂದಕ್ಕೆ ಬಂದು ಕಪಾಟೇ ಅವರ ಮೇಲೆ ಮಗುಚುತ್ತದೆ. ಇದಕ್ಕೆ ಟೇಪ್ ಆಗುವುದಿಲ್ಲ, ಸ್ಕ್ರೂ ಬೇಕು.

ನಾನು ಮಾಲೀಕರ ಹತ್ತಿರ ಒಂದು ಮಾತು ಕೇಳಿರಲೇ ಇಲ್ಲ, ಅದೇ ಈಗಲೂ ಚುಚ್ಚುತ್ತದೆ. ನಡೆದದ್ದನ್ನು ಹೇಳಿದಾಗ ಅವರು, "ಮಗುವಿನ ವಿಷಯ ಅಂದಿದ್ದರೆ ನಾನೇ ಎರಡು ಸ್ಕ್ರೂ ಹಾಕಿಸಿಕೊಡುತ್ತಿದ್ದೆನಲ್ಲಮ್ಮಾ" ಅಂದರು. ನಿಜ ಅಲ್ವಾ, ಎರಡು ತೂತು ಮುಚ್ಚಲು ಚಿಟಿಕೆ ಪುಟ್ಟಿ ಸಾಕು. ನೀವು ಕೇಳಿ, ಒಪ್ಪಿದ್ದನ್ನು ಮೆಸೇಜಿನಲ್ಲೇ ಬರೆಸಿಕೊಳ್ಳಿ, ಗೋಡೆ ಈಗ ಹೇಗಿದೆ ಅಂತ ಫೋಟೋನೂ ತೆಗೆದಿಡಿ.

ಈಗ ಅವಳ ಹಾಸಿಗೆಯ ಮೇಲಿನ ಗೋಡೆ ಖಾಲಿ. ಪುಸ್ತಕಗಳು ನೆಲದ ಮೇಲಿನ ಬುಟ್ಟಿಯಲ್ಲಿವೆ, ಬೇಕಾದ್ದನ್ನು ತಾನೇ ಎತ್ತಿಕೊಂಡು ಬರುತ್ತಾಳೆ.