ಚಿತ್ರ ಒತ್ತಿ ಕವಿತೆ ಕಟ್ಟುವವರಿಗೆ ಆಸ್ಟರಿಕ್ಸ್ ಗ್ರಿಡ್ ಎಷ್ಟು ಒದಗುತ್ತದೆ?

ಬಾಯಿಮಾತು ಬಾರದವರಿಗೆಂದು ಮಾಡಿದ, ಚಿತ್ರ ಒತ್ತಿದರೆ ಅದರ ಪದವನ್ನು ಯಂತ್ರ ಓದಿ ಹೇಳುವ ಚಿತ್ರಫಲಕದ ಆ್ಯಪ್‌ಗಳು ಸಾಮಾನ್ಯವಾಗಿ ‘ನೀರು ಬೇಕು’, ‘ನೋವಾಗ್ತಿದೆ’ ಎನ್ನುವಲ್ಲಿಗೆ ನಿಂತುಬಿಡುತ್ತವೆ. ಅದೇ ಫಲಕದಲ್ಲಿ ಪದ್ಯ ಕಟ್ಟಬಹುದೆ, ಕಥೆ ಹೇಳಬಹುದೆ? ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು, ಪ್ರಾರ್ಥನೆಗೆ ಮತ್ತೊಂದು ಇರುವವರಿಗೂ ಅದು ಒಗ್ಗುತ್ತದೆಯೆ? ಆಸ್ಟರಿಕ್ಸ್ ಗ್ರಿಡ್ ಎಂಬ ಇಂಥದೇ ಆ್ಯಪ್ ಅನ್ನು ಈ ಎರಡು ಪ್ರಶ್ನೆ ಇಟ್ಟುಕೊಂಡೇ ನೋಡಿದ್ದೇವೆ. ಕಟ್ಟಬಹುದು, ಒಗ್ಗುತ್ತದೆ. ಆದರೆ ಸಿದ್ಧ ಫಲಕವನ್ನು ಹಾಗೇ ಬಳಸಿದರೆ ಎರಡೂ ಆಗುವುದಿಲ್ಲ.

ಇದು ಉಚಿತ, ಮುಕ್ತ ತಂತ್ರಾಂಶ. ಬ್ರೌಸರ್‌ನಲ್ಲೇ ನಡೆಯುತ್ತದೆ, ಒಮ್ಮೆ ತೆರೆದ ಮೇಲೆ ಇಂಟರ್‌ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ. ಚಿತ್ರಗಳು ಸ್ಪೇನ್‌ನ ಅರಾಗಾನ್ ಸರ್ಕಾರದ ಅರಸಾಕ್ ಸಂಗ್ರಹದಿಂದ ನೇರವಾಗಿ ಬರುತ್ತವೆ. ಬೆರಳಿನಿಂದ ಒತ್ತಬಹುದು, ಚೌಕದ ಮೇಲೆ ತುಸು ಹೊತ್ತು ನಿಂತು ಆರಿಸಬಹುದು, ಇಲ್ಲವೆ ಒಂದೇ ಸ್ವಿಚ್ಚಿನಿಂದ ಸ್ಕ್ಯಾನಿಂಗ್ ಮಾಡಬಹುದು, ಅಂದರೆ ಗುರುತು ತಾನಾಗಿ ಚೌಕದಿಂದ ಚೌಕಕ್ಕೆ ಸರಿಯುತ್ತಿರುವಾಗ ಬೇಕಾದಲ್ಲಿ ಸ್ವಿಚ್ ಒತ್ತಿ ಆರಿಸಬಹುದು.

ಸ್ವಿಚ್ ಬಳಸುವವರು ಮೊದಲು ಲೆಕ್ಕ ಹಾಕಿಕೊಳ್ಳಬೇಕು. 6 ಸಾಲು, 8 ಕಂಬದ ಫಲಕದಲ್ಲಿ 48 ಚೌಕ. ಹೆಜ್ಜೆಗೆ 1 ಸೆಕೆಂಡ್ ಇಟ್ಟು ಒಂದೊಂದೇ ಚೌಕ ದಾಟಿಸಿದರೆ ಕೊನೆಯ ಪದಕ್ಕೆ 48 ಸೆಕೆಂಡ್ ಬೇಕು; ಮೊದಲು ಸಾಲು, ಆಮೇಲೆ ಕಂಬ ಎಂದು ಹೊಂದಿಸಿದರೆ ಅದೇ ಪದ 14 ಸೆಕೆಂಡಿಗೆ ಸಿಗುತ್ತದೆ, ಸರಾಸರಿ 8. ಅಂದರೆ ಒಟ್ಟು 12 ಪದದ ನಾಲ್ಕು ಸಾಲಿಗೆ ಒಂದೂವರೆ ನಿಮಿಷಕ್ಕೂ ಹೆಚ್ಚು, ಅದೂ ಒಂದು ತಪ್ಪೂ ಇಲ್ಲದೆ, ಬೇರೆ ಪುಟಕ್ಕೆ ಹೋಗದೆ. ಪದ ಇನ್ನೊಂದು ಪುಟದಲ್ಲಿದ್ದರೆ ಸಮಯ ಹೆಚ್ಚುಕಡಿಮೆ ಇಮ್ಮಡಿ. ಬರೆಯುವವರು ಪದೇ ಪದೇ ಬಳಸುವ ಪದಗಳನ್ನು ಮೊದಲ ಪುಟದ ಮೇಲಿನ ಎಡಮೂಲೆಗೆ ತರಬೇಕಾದುದು ಇದಕ್ಕೇ. ಈ ನಿಧಾನವನ್ನು ತಡೆಯಲಾರದೆ ಪಕ್ಕದಲ್ಲಿ ಕುಳಿತವರು ಸಾಲನ್ನು ತಾವೇ ಮುಗಿಸಿಬಿಡುವುದುಂಟು. ಹಾಗೆ ಮುಗಿದ ಸಾಲು ಅವರದಾಗುತ್ತದೆ, ಕವಿಯದಲ್ಲ.

ಕನ್ನಡಕ್ಕೆ ತರುವಾಗ ಬಿಗಿಯಾದ ಗಂಟು ವ್ಯಾಕರಣದ್ದು. ಇಂಗ್ಲಿಷ್ ಫಲಕವನ್ನು ಪದಕ್ಕೆ ಪದ ಬದಲಿಸಿದರೆ ಬರೀ ಧಾತುಗಳು ಉಳಿಯುತ್ತವೆ. ‘ಮಳೆ ಬರು’ ಎಂದು ಯಂತ್ರ ಓದಿದಾಗ ಯಾರಿಗೂ ಮಳೆ ಕಾಣುವುದಿಲ್ಲ. ವಿಭಕ್ತಿ ಪ್ರತ್ಯಯಗಳಿಗೆ ಬೇರೆ ಚೌಕ ಮಾಡುವ ಉಪಾಯ ಮೊದಲು ಹೊಳೆಯುತ್ತದೆ, ಆದರೆ ಸೋಲುತ್ತದೆ: ‘ಊರು’, ‘ಇಗೆ’ ಎರಡನ್ನೂ ಒತ್ತಿದರೆ ‘ಊರಿಗೆ’ ಆಗುವುದಿಲ್ಲ, ಎರಡು ತುಂಡಾಗಿಯೇ ಕೇಳುತ್ತದೆ. ಪೂರ್ಣ ರೂಪಗಳನ್ನೇ ಚೌಕಕ್ಕೆ ಹಾಕಿ. ‘ಬರು’ ಒತ್ತಿದರೆ ಒಂದು ಚಿಕ್ಕ ಪುಟ ತೆರೆಯಲಿ; ಅದರಲ್ಲಿ ಬಂದೆ, ಬಂದಳು, ಬಂದರು, ಬಂತು, ಬರಲಿ, ಬಾರದು ಇರಲಿ. ಇಂಥ 15 ಕ್ರಿಯಾಪದ ಸಾಕು. ಇದರಿಂದ ಒಂದು ಲಾಭವೂ ಇದೆ. ‘ಬಂದೆ’ ಎಂದರೆ ‘ನಾನು’ ಅದರೊಳಗೇ ಇದೆ, ಒಂದು ಒತ್ತು ಉಳಿಯಿತು.

ನಿರಾಕರಣೆಯ ಪದಗಳಲ್ಲೂ ಇದೇ ಕಥೆ. ಅನುವಾದಿತ ಫಲಕದಲ್ಲಿ ಒಂದೇ ಒಂದು ‘ಇಲ್ಲ’ ಇರುತ್ತದೆ. ಕನ್ನಡಕ್ಕೆ ಇಲ್ಲ, ಅಲ್ಲ, ಬೇಡ, ಒಲ್ಲೆ ನಾಲ್ಕೂ ಬೇಕು. ಸಿಟ್ಟಿನ ಪದ್ಯಕ್ಕೆ ನಾಲ್ಕರ ತೂಕವೂ ಬೇರೆ. ಜತೆಗೆ ‘ಹಾಗೆ’ ಮರೆಯಬೇಡಿ. ಅದಿಲ್ಲದೆ ಉಪಮೆ ಹುಟ್ಟುವುದೇ ಇಲ್ಲ. ಅಯ್ಯೋ, ಛೇ, ಥೂ, ಅಂತೆ, ಅಲ್ವಾ ಇವೂ ಇರಲಿ. ಬೈಗುಳ ಹಾಕಬೇಕೆ ಎಂದು ಕೇಳುವವರಿದ್ದಾರೆ. ದೊಡ್ಡವರ ಫಲಕವಾದರೆ, ಅವರು ಬಯಸಿದರೆ, ಖಂಡಿತ ಹಾಕಬೇಕು.

ಹಲವು ಭಾಷೆಯ ಬಳಕೆದಾರರಿಗೆ ಒಂದೇ ಫಲಕದಲ್ಲಿ ಬೇರೆ ಬೇರೆ ಭಾಷೆಯ ಪದ ತುಂಬಿ, ಒಂದು ಗುಂಡಿಯಿಂದ ಭಾಷೆ ಬದಲಿಸುವ ಸೌಲಭ್ಯವಿದೆ. ಚಿತ್ರಗಳ ಜಾಗ ಬದಲಾಗುವುದಿಲ್ಲವಾದ್ದರಿಂದ ಕೈಗೆ ಆದ ಅಭ್ಯಾಸ ಕೆಡುವುದಿಲ್ಲ. ಇದು ಬಹಳ ಒಳ್ಳೆಯ ಗುಣ. ಆದರೆ ಪದ್ಯದಲ್ಲಿ ಭಾಷೆಗಳು ಒಂದೇ ಸಾಲಿನೊಳಗೆ ಬೆರೆಯುತ್ತವೆ. ಅದಕ್ಕೆ ಮನೆಮಾತಿನ 20–30 ಪದಗಳ ಬೇರೆ ಪುಟವನ್ನೇ ಮಾಡುವುದು ಲೇಸು: ಬಂಧುವಾಚಕಗಳು, ಮುದ್ದಿನ ಹೆಸರು, ದೇವರ ಹೆಸರು, ಹಾಡಿನ ಸೊಲ್ಲು. ಕನ್ನಡ ಧ್ವನಿ ಬೇರೆ ಭಾಷೆಯ ಪದವನ್ನು ತಪ್ಪಾಗಿ ಉಚ್ಚರಿಸುತ್ತದೆ, ಆದ್ದರಿಂದ ಅಲ್ಲಿ ಮನುಷ್ಯರ ದನಿಯನ್ನೇ ರೆಕಾರ್ಡ್ ಮಾಡಿ ಚೌಕಕ್ಕೆ ಕೊಡಿ. ದನಿ ಕೊಡುವವರು ಬಳಕೆದಾರರ ವಯಸ್ಸಿಗೆ, ಲಿಂಗಕ್ಕೆ ಹೊಂದಬೇಕು. ಮೂವತ್ತರ ಗಂಡಸು ತಾಯಿಯ ದನಿಯಲ್ಲಿ ಪ್ರೇಮಪದ್ಯ ಓದುವಂತಾಗಬಾರದು. ಇಡೀ ಸಾಲನ್ನು ಒಟ್ಟಿಗೆ ಓದಿಸಿದಾಗ ಆ ದನಿಯೇ ಬರುತ್ತದೆಯೆ ಎಂಬುದನ್ನು ವಾಚನಕ್ಕೆ ಮುಂಚೆಯೇ ಪರೀಕ್ಷಿಸಿಕೊಳ್ಳಿ.

ಆ್ಯಪ್‌ಗೆ ತನ್ನದೇ ಆದ ಕನ್ನಡ ಧ್ವನಿಯಿಲ್ಲ, ಸಾಧನದಲ್ಲಿರುವುದನ್ನೇ ಎತ್ತಿಕೊಳ್ಳುತ್ತದೆ. ಆಂಡ್ರಾಯ್ಡ್‌ನಲ್ಲಿ ಗೂಗಲ್‌ನ ಪಠ್ಯವಾಚನದ ಕನ್ನಡ ಧ್ವನಿ ಇಳಿಸಿಕೊಂಡಿರಬೇಕು. ಎಡ್ಜ್ ಬ್ರೌಸರ್‌ನ ಕನ್ನಡ ಧ್ವನಿ ಹೆಚ್ಚು ಸಹಜ, ಆದರೆ ಅದಕ್ಕೆ ಇಂಟರ್‌ನೆಟ್ ಬೇಕು.

ಅರಸಾಕ್ ಚಿತ್ರಗಳು ಸ್ಪಷ್ಟವಾಗಿವೆ. ಅದರ ತಾಣದಲ್ಲಿ ಮೈಬಣ್ಣ, ಕೂದಲ ಬಣ್ಣ ಬದಲಿಸಬಹುದು, ಬಹುವಚನ ಮತ್ತು ಕಾಲದ ಗುರುತು ಸೇರಿಸಬಹುದು. ಮದುವೆ, ಅಡುಗೆ, ಉಡುಪು, ಸಾವು ಇವುಗಳ ಚಿತ್ರಗಳು ಮಾತ್ರ ಎಷ್ಟೋ ಕಡೆ ಯುರೋಪಿನ ಬದುಕಿನವು. ಅಲ್ಲಿ ಸ್ವಂತ ಫೋಟೊ ಹಾಕಿ: ಹಿನ್ನೆಲೆ ಒಂದೇ ಬಣ್ಣದ್ದಿರಲಿ, ಒಂದು ಫೋಟೊದಲ್ಲಿ ಒಂದೇ ವಸ್ತು ಇರಲಿ. ಯಾವ ಚಿತ್ರ ಎಂಬುದನ್ನು ಬಳಕೆದಾರರೇ ಆರಿಸಬೇಕು. ‘ದುಃಖ’ಕ್ಕೆ ಅಳುವ ಮುಖದ ಬದಲು ಖಾಲಿ ಕುರ್ಚಿ ಬೇಕೆಂದರೆ ಖಾಲಿ ಕುರ್ಚಿಯೇ ಇರಲಿ.

ಒಂದು ಅಪಾಯ ಹೇಳಲೇಬೇಕು. ಖಾತೆ ತೆರೆಯದೆ ಬಳಸಿದರೆ ಎಲ್ಲವೂ ಆ ಬ್ರೌಸರ್‌ನಲ್ಲೇ ಉಳಿಯುತ್ತದೆ. ಯಾರಾದರೂ ಬ್ರೌಸರ್ ದತ್ತಾಂಶ ಅಳಿಸಿದರೆ ವಾರಗಟ್ಟಲೆ ಕಟ್ಟಿದ ಫಲಕ ಹೋಯಿತು. ವಾರಕ್ಕೊಮ್ಮೆ ಬ್ಯಾಕಪ್ ಕಡತ ಇಳಿಸಿಕೊಂಡು ಬೇರೆಡೆ ಇಡಿ. ಬರೆದ ಸಾಲುಗಳನ್ನೂ ಒಂದೊಂದಾಗಿ ನಕಲು ಮಾಡಿ ಬೇರೆ ಕಡತಕ್ಕೆ ಅಂಟಿಸಿಕೊಳ್ಳಿ. ಒತ್ತಿದ ಪದಗಳು ಸಾಲಾಗಿ ಸೇರುವ ಮೇಲಿನ ಪಟ್ಟಿಯನ್ನು ಅಳಿಸುವ ಗುಂಡಿ ಓದಿಸುವ ಗುಂಡಿಯ ಪಕ್ಕದಲ್ಲೇ ಇದ್ದರೆ ಕೈ ನಡುಗುವವರ ಪದ್ಯ ಒಂದೇ ಒತ್ತಿಗೆ ಮಾಯವಾಗುತ್ತದೆ. ಆ ಗುಂಡಿಯನ್ನು ದೂರದ ಮೂಲೆಗೆ ಸರಿಸಿ.

ಸನ್ನೆಭಾಷೆಯಲ್ಲಿ ಕಾವ್ಯ ಕಟ್ಟುವ ಕಿವುಡರಿಗೆ ಇದು ಬೇಡ, ಅವರಿಗೆ ವಿಡಿಯೊ ಸಾಕು.

ಪುಸ್ತಕ ಅಚ್ಚು ಹಾಕಿಸುವವರು ಪರವಾನಗಿ ಓದಿಕೊಳ್ಳಬೇಕು. ಅರಸಾಕ್ ಚಿತ್ರಗಳನ್ನು ರಚಿಸಿದವರು ಸೆರ್ಜಿಯೊ ಪಲಾವೊ, ಹಕ್ಕು ಅರಾಗಾನ್ ಸರ್ಕಾರದ್ದು. ಹೆಸರು ನಮೂದಿಸಿ, ಲಾಭಕ್ಕಲ್ಲದೆ, ಅದೇ ಷರತ್ತಿನಲ್ಲಿ ಹಂಚಬಹುದು. ಮಾರಾಟಕ್ಕೆ ಇಡುವ ಸಂಕಲನವಾದರೆ ಅನುಮತಿ ಕೇಳಿ, ಇಲ್ಲವೆ ಚಿತ್ರ ಬಿಟ್ಟು ಪದಗಳನ್ನಷ್ಟೇ ಮುದ್ರಿಸಿ. ಸಾಲುಗಳ ಹಕ್ಕು ಅವನ್ನು ಒತ್ತಿ ಒತ್ತಿ ಬರೆದವರದೇ. ಮುಖಪುಟದಲ್ಲಿ ಇರಬೇಕಾದುದು ಅವರ ಹೆಸರು, ಸಂಸ್ಥೆಯದೂ ಅಲ್ಲ, ಸಹಾಯಕರದೂ ಅಲ್ಲ.